ಕ್ರಿಯಾಲೋಪದ ಜವರಣ್ಣ

ಶಾಂತಿಗ್ರಾಮದಾಚೆಯ ನಮ್ಮ ಪಂಚಾಯಿತಿಯಲ್ಲಿ ಸದಸ್ಯರು ಹತ್ತು ಮಂದಿ. ಸಭೆಯ ನಿಯಮಗಳನ್ನು ಓದಿಕೊಂಡವರು ಜವರಣ್ಣ ಒಬ್ಬರೇ. ಕಂಕುಳಲ್ಲಿ ಕಾಯಿದೆ ಪುಸ್ತಕ ಅವುಚಿಕೊಂಡೇ ಬರುತ್ತಾರೆ. ಅಧ್ಯಕ್ಷರು ಬಾಯಿ ತೆರೆದರೆ ಸಾಕು, ‘ಕ್ರಿಯಾಲೋಪ! ಮೊದ್ಲು ಕೋರಂ ಎಣಿಸ್ರಿ’ ಎಂದು ಏಳುತ್ತಾರೆ. ಕಾಫಿ ಬಂದರೂ ಅದು ಅಜೆಂಡಾದಲ್ಲಿಲ್ಲವೆಂದು ಆಕ್ಷೇಪಿಸಿ, ಆಕ್ಷೇಪಣೆಯನ್ನು ಬರೆಸಿದ ಮೇಲೆಯೇ ಕುಡಿಯುತ್ತಾರೆ. ‘ಅಣ್ಣೋ, ಅತ್ಗೆ ಮುದ್ದೆ ಇಕ್ಬೇಕಾದ್ರೂ ಏಳು ದಿನ ಮುಂಚೆ ನೋಟೀಸ್ ಕೊಡ್ಬೇಕಾ?’ ಎಂದು ಕಿರಿಯ ಸದಸ್ಯ ಅನಿಲ್‌ಕುಮಾರ್ ಕಿಚಾಯಿಸಿದರೆ, ‘ಅದು ವಿಶೇಷ ಸಭೆ ಕಣ್ಲಾ, ಮೂರು ದಿನ ಸಾಕು’ ಎನ್ನುತ್ತಾರೆ, ನಗದೆ. ಕಳೆದ ತಿಂಗಳು ಸದಸ್ಯೆ ಮಲ್ಲಿಗಮ್ಮನವರ ವಿಷಯ ಚರ್ಚೆಗೆ ಬಂತು. ಅವರ ಕೇರಿಯವರಿಗೆ ಹೆಣ ಹೊತ್ತು ಸ್ಮಶಾನಕ್ಕೆ ಹೋಗಲು ದಾರಿಯಿಲ್ಲ. ದಾರಿ ಬಿಡಿಸಬೇಕಾದದ್ದು ಜವರಣ್ಣನವರ ತೋಟದ ಅಂಚಿನಲ್ಲಿ, ಅವರೇ ಕೊಡದಲ್ಲಿ ನೀರು ಹೊತ್ತು ಬೆಳೆಸಿದ ಹನ್ನೆರಡು ತೆಂಗಿನ ಮರ ಕಡಿದು. ಪರವಾಗಿ ಐದು ಕೈ ಎದ್ದವು, ವಿರುದ್ಧ ನಾಲ್ಕು. ಜವರಣ್ಣನವರ ಕೈಯೂ ಎದ್ದರೆ ಸಮ; ಸಮವಾದರೆ ಅಧ್ಯಕ್ಷರದೇ ತೀರ್ಮಾನ. ಅವರೋ ಜವರಣ್ಣನವರ ಭಾವಮೈದ. ‘ಎತ್ತು ಭಾವ ಕೈಯ, ಅದ್ಯಾಕಂಗೆ ಕುಂತಿದ್ದೀಯ?’ ಎಂದು ಅಧ್ಯಕ್ಷರೇ ಅವಸರಿಸಿದರು. ಜವರಣ್ಣ ಎದ್ದರು. ‘ನನ್ ಜಮೀನಿನ ವಿಚಾರ. ನಾನು ಓಟ್ ಆಕಂಗಿಲ್ಲ, ಒಳಗೂ ಇರಂಗಿಲ್ಲ’ ಎಂದವರೇ ಜಗಲಿಗೆ ಹೋಗಿ ಚಪ್ಪಲಿಗಳ ಪಕ್ಕ ನಿಂತರು. ದಾರಿ ಮಂಜೂರಾಯಿತು. ಮಲ್ಲಿಗಮ್ಮ ಓಡಿಬಂದು ಕೈ ಮುಗಿದರು. ಜವರಣ್ಣ ಮುಖ ಆಚೆ ತಿರುಗಿಸಿ, ‘ಸಭೆ ಇನ್ನೂ ನಡೀತಾ ಅದೆ ಕಣಮ್ಮ, ಅಂಗೆಲ್ಲಾ ಎದ್ದು ಬರಬಾರ್ದು. ಒಳಕ್ಕೋಗು’ ಎಂದರು.