ತಾಯಣ್ಣನ ಎದೆಯ ಅಳತೆ

ಮಾನ್ವಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ತಾಯಣ್ಣನ ಟೇಲರ್ ಅಂಗಡಿ. ಹೊಲಿಯುವುದು ಹೆಂಗಸರ ಬಟ್ಟೆ ಮಾತ್ರ. ಅವನು ಹೊಲಿದ ರವಿಕೆಯನ್ನು ಬಿಗಿಯಾಯಿತು ಎಂದು ಯಾರೂ ವಾಪಸು ತಂದದ್ದಿಲ್ಲ.

ಮೂರು ವರ್ಷದ ಹಿಂದೆ ಅವನ ಕಿವಿಯಲ್ಲಿ ಯಾರೋ ಮಾತಾಡತೊಡಗಿದರು. ಬೇರೇನಲ್ಲ, ಬರೀ ಅವನ ಕೆಲಸವನ್ನು ಆಡಿಕೊಳ್ಳುತ್ತಿದ್ದರು. ಎಡತೋಳು ಗಿಡ್ಡಾಯಿತು ಅನ್ನುವರು, ಕೊರಳು ಅಗಲವಾಯಿತು ಅನ್ನುವರು. ಚೆನ್ನಾಗಿದ್ದ ಇಪ್ಪತ್ತು ರವಿಕೆಗಳ ಹೊಲಿಗೆ ಬಿಚ್ಚಿ ಹಾಕಿ ತಾಯಣ್ಣ ಊಟ ನಿದ್ದೆ ಬಿಟ್ಟು ಕೂತ. ಹೆಂಡತಿ ಮೌನೇಶ್ವರಿ ಅವನನ್ನು ರಾಯಚೂರಿಗೆ ಕರೆದೊಯ್ದು ಮನೋರೋಗದ ಡಾಕ್ಟರು ಉಮ್ಮೇ ಕುಲ್ಸುಮ್ ಅವರಿಗೆ ತೋರಿಸಿದಳು. ದಿನಕ್ಕೊಂದು ಗುಳಿಗೆ ಶುರುವಾದ ಮೇಲೆ ಆ ದನಿಗಳು ಬಾಯಿ ಮುಚ್ಚಿದವು.

ಕಳೆದ ಫೆಬ್ರವರಿಯಲ್ಲಿ ಅವನ ಎದೆ ನೋಯತೊಡಗಿತು. ಮೊಲೆತೊಟ್ಟಿನ ಕೆಳಗೆ ಗಂಟು ಕೈಗೆ ಹತ್ತಿತು, ಬರಬರುತ್ತ ಎರಡೂ ಕಡೆ ಉಬ್ಬಿತು. ಅಂಗಡಿಯ ಬಾಗಿಲು ಹಾಕಿಕೊಂಡು ಟೇಪು ಸುತ್ತಿ ನೋಡಿದ. ಗುಳಿಗೆಯದೇ ಕಾಟವೆಂಬ ಅನುಮಾನ ಬಂತು. ಆದರೆ ಹೇಳಿದರೆ ಗುಳಿಗೆ ಬಿಡಿಸುತ್ತಾರೆ, ಬಿಡಿಸಿದರೆ ಆ ತಕರಾರಿನವರು ಮತ್ತೆ ಬರುತ್ತಾರೆ. ಎದೆ ಏನಾದರೂ ಆಗಲಿ, ತಲೆ ನೆಟ್ಟಗಿದ್ದರೆ ಸಾಕು ಎಂದುಕೊಂಡು ದಪ್ಪ ಬಟ್ಟೆಯ ತೋಳಿಲ್ಲದ ಜಾಕೀಟೊಂದನ್ನು ಹೊಲಿದು ಅಂಗಿಯ ಮೇಲೆ ತೊಟ್ಟ.

ಮಾನ್ವಿಯ ಬಿಸಿಲಲ್ಲಿ ಜಾಕೀಟು ತೊಟ್ಟವನನ್ನು ಕಂಡು ಪಕ್ಕದ ಅಂಗಡಿಯಲ್ಲಿ ದಾರ, ಗುಂಡಿ ಮಾರುವ ಪೀರಾ ಸಾಬ್ ಇವನು ಚುನಾವಣೆಗೆ ನಿಲ್ಲುತ್ತಾನೆಂದೇ ತಿಳಿದ. ಯಾವ ಪಕ್ಷವೆಂದು ಗುಟ್ಟಾಗಿ ಕೇಳಿದ. ಇಲ್ಲವೆಂದರೆ ನಂಬಲಿಲ್ಲ. ವಾರದೊಳಗೆ ಇಬ್ಬರು ಬಂದು ತಮ್ಮ ಓಣಿಯ ಚರಂಡಿಯ ಬಗ್ಗೆ ಅರ್ಜಿ ಕೊಟ್ಟು ಹೋದರು. ತಾಯಣ್ಣ ಅವನ್ನು ಮಡಚಿ ಕಿಸೆಯಲ್ಲಿ ಇಟ್ಟುಕೊಂಡ. ಬೇಡವೆಂದರೆ ಜಾಕೀಟು ಯಾಕೆಂದು ಹೇಳಬೇಕಾಗುತ್ತಿತ್ತು.

ಮೇ ತಿಂಗಳಲ್ಲಿ ದೇವದುರ್ಗದಲ್ಲಿ ನಾದಿನಿ ನಾಗವೇಣಿಯ ಮದುವೆ. ಅಕ್ಕಿಕಾಳು ಹಾಕಲು ಎತ್ತಿದ ಕೈ ಇಳಿಸುವ ಮೊದಲೇ ತಾಯಣ್ಣ ಕುಸಿದುಬಿದ್ದ. ನಾಲ್ಕು ಜನ ಹೊತ್ತು ಒಳಕೋಣೆಯಲ್ಲಿ ಮಲಗಿಸಿದರು. ಮೌನೇಶ್ವರಿ ಎಲ್ಲರನ್ನೂ ಹೊರಗೆ ಕಳಿಸಿ ಜಾಕೀಟು ಬಿಚ್ಚಿದಳು, ಅಂಗಿ ಬಿಚ್ಚಿದಳು, ಅದರೊಳಗೆ ಎದೆಗೆ ಬಿಗಿದು ಸುತ್ತಿದ್ದ ಬಟ್ಟೆಯ ಪಟ್ಟಿಯನ್ನೂ ಬಿಚ್ಚಿದಳು. ಅವನು ಕಣ್ಣು ತೆರೆಯುವವರೆಗೆ ಗಾಳಿ ಹಾಕುತ್ತ ಕೂತಳು.

“ಊರ ಹೆಣ್ಮಕ್ಕಳ ಅಳತಿ ಎಲ್ಲಾ ನಿಮಗ ಬಾಯಾಗ ಅದ. ನಿಮ್ಮದು ನನಗೊಬ್ಬಾಕಿಗಿ ಹೇಳಾಕ ಏನಾಗಿತ್ರೀ?”

“ಹೇಳಿದ್ರ ಗುಳಿಗಿ ಬಿಡಸ್ತಾರ,” ಅಂದ ತಾಯಣ್ಣ. “ಅವರು ಮತ್ತ ಬಂದ್ರ ನನ್ನ ಕೈಲೆ ಹೊಲ್ಯಾಕ ಆಗಂಗಿಲ್ಲ.”

ಬೈಯಬೇಕೆಂದು ಕೂತಿದ್ದವಳು ಅವನಿಗೆ ಅಂಗಿಯನ್ನಷ್ಟೇ ತೊಡಿಸಿ, ಪಟ್ಟಿಯನ್ನು ಚೀಲಕ್ಕೆ ತುರುಕಿದಳು. ಮರುದಿನ ಬೆಳಿಗ್ಗೆ ರಾಯಚೂರಿನ ಬಸ್ಸು ಹತ್ತಿಸಿದಳು.

ಯಾವಾಗಿನಿಂದ ಉಬ್ಬಿದೆ ಎಂದು ಡಾಕ್ಟರು ಕೇಳಿದರು. ಫೆಬ್ರವರಿ ಕೊನೆಗೆ ಮೂವತ್ತಾರು, ಮಾರ್ಚಿಗೆ ಮೂವತ್ತಾರು ಮುಕ್ಕಾಲು, ಏಪ್ರಿಲ್ಲಿಗೆ ಮೂವತ್ತೇಳೂವರೆ, ಎಡಗಡೆ ಕಾಲಿಂಚು ಹೆಚ್ಚು ಎಂದು ತಾಯಣ್ಣ ಒಪ್ಪಿಸಿದ. ಡಾಕ್ಟರು ಪೆನ್ನು ಕೆಳಗಿಟ್ಟು ನಕ್ಕರು. ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಆದವು. ಹಾಲೂಡುವ ತಾಯಂದಿರಲ್ಲಿ ಹೆಚ್ಚುವ ಹಾರ್ಮೋನು ಗುಳಿಗೆಯ ದೆಸೆಯಿಂದ ಇವನಲ್ಲಿ ಏರಿತ್ತು. ಗಂಟು ಕ್ಯಾನ್ಸರಿನದಲ್ಲ.

“ಗುಳಿಗಿ ಅಂದ್ರ ಅದೊಂದೇ ಇಲ್ರೀ, ಬ್ಯಾರೇನೂ ಅದಾವ,” ಅಂದರು ಡಾಕ್ಟರು. “ಆದ್ರ ನಮಗ ಕೇಳಲಾರದ ನೀವಾಗೇ ಯಾವುದೂ ಬಿಡಬ್ಯಾಡ್ರಿ.”

ಹಳೆಯದನ್ನು ಇಳಿಸುತ್ತ ಹೊಸದನ್ನು ಏರಿಸಿದರು. ನಡುವೆ ಎರಡು ದಿನ ದನಿ ಸಣ್ಣಗೆ ಬಂತು. ಗುಂಡಿ ತೂರಿಸುವ ಕಾಜಾ ಸೊಟ್ಟಾಗಿದೆ ಅಂದಿತು. ತಾಯಣ್ಣ ನೋಡಿದರೆ ನಿಜಕ್ಕೂ ಸೊಟ್ಟಾಗಿತ್ತು. ಮೊದಲು ಕಾಜಾ ಸರಿಮಾಡಿ, ಆಮೇಲೆ ಡಾಕ್ಟರಿಗೆ ಫೋನು ಮಾಡಿದ. ಹೊಸ ಗುಳಿಗೆಯನ್ನು ತುಸು ಹೆಚ್ಚಿಸಿದ ಮೇಲೆ ಅದೂ ನಿಂತಿತು. ಆರು ತಿಂಗಳಲ್ಲಿ ನೋವು ಹೋಯಿತು, ಉಬ್ಬು ಬಹುಪಾಲು ಇಳಿಯಿತು. ಎಡಗಡೆ ಚೂರು ಉಳಿದಿದೆ.

ಹೋದ ತಿಂಗಳು ಡಾಕ್ಟರ ಬಾಗಿಲಲ್ಲಿ ಸರದಿಗೆ ಕೂತಿದ್ದಾಗ, ಚಂದ್ರಬಂಡದಿಂದ ಬಂದಿದ್ದ ಒಬ್ಬ ದಪ್ಪ ಮೀಸೆಯವನು ಟವೆಲನ್ನು ಎದೆಗೆ ಬಿಗಿಯಾಗಿ ಹೊದ್ದುಕೊಂಡು ಬೆವರುತ್ತಿದ್ದ. ತಾಯಣ್ಣ ಕಣ್ಣಲ್ಲೇ ಅವನ ಎದೆಯ ಅಳತೆ ತೆಗೆದ. ಆಮೇಲೆ ಅವನ ಪಕ್ಕಕ್ಕೆ ಸರಿದು ಕೂತು, ಮೆಲ್ಲಗೆ ಕೇಳಿದ:

“ಅಣ್ಣಾ, ಒಳಗ ಹೋದಾಗ ಅದನ್ನ ಹೇಳ್ತೀಯಿಲ್ಲೋ?”