ಕಣ್ಣು ಬಿಡಿಸುವ ಕೈ

ಮಾಸ್ತರರ ಮನೆಯಲ್ಲಿ ಮೊದಲ ಮೂರು ವರ್ಷ ನಾನು ಎಲೆ ಬಿಟ್ಟು ಬೇರೇನನ್ನೂ ಬರೆಯಲಿಲ್ಲ. ಮಾವಿನ ಎಲೆ, ಬಾಳೆ ಎಲೆ, ಸರುವೆಯ ಸೂಜಿಯಂಥ ಎಲೆ. ಓದು ಮುಗಿಸಿದ ಮಗಳು ದಿನಾ ಬೈರಿದೇವರಕೊಪ್ಪದಿಂದ ಬಸ್ಸು ಹಿಡಿದು ಧಾರವಾಡದ ಸಪ್ತಾಪುರಕ್ಕೆ ಹೋಗಿ ಚಿತ್ರ ಕಲಿಯುತ್ತಾಳೆ ಎಂದು ನಮ್ಮವ್ವ ಓಣಿ ತುಂಬ ಹೇಳಿಕೊಂಡಿದ್ದಳು. ಓಣಿಯವರು ಎಲ್ಲಿ ತೋರಿಸು ಎಂದಾಗ ತೋರಿಸಲು ನನ್ನ ಬಳಿ ಇದ್ದದ್ದು ಒಂದು ಗಿಡ. ಗಿಡದ ಕೆಳಗೆ ಕೂತ ರಾಣಿಯನ್ನು ಬೇರೆಯವರು ಬರೆದಿದ್ದರು.

ಚಿಕಣಿ ಚಿತ್ರವೆಂದರೆ ಅಂಗೈಯಗಲದ ಕಾಗದದಲ್ಲಿ ಇಡೀ ದರ್ಬಾರನ್ನು ಕೂಡಿಸುವ ಕೆಲಸ. ಮೊಘಲ ಬಾದಶಹರ ಚಿತ್ರಶಾಲೆಯಲ್ಲಿ ಎಷ್ಟೋ ಸಲ ಅದನ್ನು ಒಬ್ಬರೇ ಮಾಡುತ್ತಿರಲಿಲ್ಲ. ಒಬ್ಬ ಗೆರೆ ಎಳೆದರೆ ಇನ್ನೊಬ್ಬ ಬಣ್ಣ ತುಂಬುತ್ತಿದ್ದ, ಮುಖಕ್ಕೆ ಎಲ್ಲರಿಗಿಂತ ಪಳಗಿದ ಕೈ ಬೇಕಿತ್ತು. ಬಾದಶಹರು ಹೋದರು, ಅವರ ಚಿತ್ರಶಾಲೆಗಳೂ ಹೋದವು. ಮಾಸ್ತರರ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಆ ಪದ್ಧತಿ ಮಾತ್ರ ಒಂದಿಷ್ಟೂ ಅಲುಗಿರಲಿಲ್ಲ. ನಾವು ನಾಲ್ಕೈದು ಮಂದಿ ಶಿಷ್ಯರು ಕಾಗದಕ್ಕೆ ಕಾಗದ ಅಂಟಿಸಿ, ಕಲ್ಲಿನಿಂದ ಉಜ್ಜಿ ನುಣುಪು ಮಾಡಿ, ಬಣ್ಣ ಅರೆದು, ಗಿಡ, ಗೋಡೆ, ಸೆರಗು ಎಲ್ಲ ಮುಗಿಸಿಡಬೇಕು. ಕಣ್ಣು ಮಾಸ್ತರರದು. ಅದು ಕಟ್ಟಕಡೆಗೆ. ಆಗ ಫ್ಯಾನ್ ಆರಿಸಬೇಕು, ಯಾರೂ ಕೆಮ್ಮಬಾರದು. ಅಳಿಲಿನ ಕೂದಲಿನ ಕುಂಚದ ತುದಿಯನ್ನು ತುಟಿಗೆ ಸೋಕಿಸಿ ಅವರು ಒಂದೇ ಉಸಿರಿನಲ್ಲಿ ಮೇಲಿನ ರೆಪ್ಪೆಯ ಗೆರೆ ಎಳೆಯುತ್ತಿದ್ದರು. ಅಲ್ಲಿಯತನಕ ಬರೀ ಬಣ್ಣವಾಗಿದ್ದ ಹೆಂಗಸು ಒಮ್ಮೆಲೇ ಯಾರನ್ನೋ ನೆನೆಯತೊಡಗುತ್ತಿದ್ದಳು. ಅದನ್ನು ಮೊದಲ ಸಲ ಕಂಡ ದಿನವೇ ನನಗೆ ಆ ಗೆರೆ ಎಳೆಯುವ ಹಕ್ಕು ಬೇಕೆನ್ನಿಸಿತು. ಬೇರೇನೂ ಬೇಕಿರಲಿಲ್ಲ.

ಕಲಿಸುವುದರಲ್ಲಿ ಮಾಸ್ತರರು ಜಿಪುಣರಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಹಳೆಯ ಚಿತ್ರಗಳ ಅಚ್ಚುಗಳನ್ನು ಮುಂದೆ ಹರಡಿ, ಬಟ್ಟೆ, ಗಿಡ, ಅರಮನೆ ಎಲ್ಲವನ್ನೂ ರಟ್ಟಿನಿಂದ ಮುಚ್ಚಿ, ಬರೀ ಕಣ್ಣು ತೋರಿಸಿ ಕೇಳುತ್ತಿದ್ದರು.

"ಕಣ್ಣ ನೋಡಿ ಊರು ಹೇಳಬೇಕು. ಕೆಳಗ ಬರದ ಹೆಸರು ನೋಡಿ ಹೇಳಾಕ ಪೋಸ್ಟಮನ್ ಅದಾನ."

ಮೊಘಲರ ಕಣ್ಣು ಎದುರಿಗಿದ್ದವನನ್ನು ಅಳೆಯುತ್ತದೆ. ಮೇವಾಡದ್ದು ಮೀನಿನಾಕಾರದ್ದು, ಅಗಲ, ಅದಕ್ಕೆ ಮುಚ್ಚುವುದೇ ಗೊತ್ತಿಲ್ಲ. ಕಿಶನಗಢದ್ದು ಕಿವಿಯತನಕ ಎಳೆದದ್ದು. ಬಸೋಹ್ಲಿಯಲ್ಲಿ ಕಣ್ಣು ಉರಿಯುತ್ತದೆ, ಅದೇ ಗುಡ್ಡಗಾಡಿನ ಕಾಂಗಡಾಕ್ಕೆ ಬಂದರೆ ನಾಚುತ್ತದೆ. ನಮ್ಮ ವಿಜಯಪುರದ್ದು, ಆದಿಲಶಾಹಿ ಕಾಲದ್ದು, ಅರ್ಧ ಮುಚ್ಚಿದ ಕಣ್ಣು. ನಿದ್ದೆ ಬಂದಿದೆಯೋ ನೆನಪು ಬಂದಿದೆಯೋ ಹೇಳಲಾಗದು. ಸುಲ್ತಾನರ ಆಸರೆ ತಪ್ಪಿ ಚಿತ್ರಗಾರರು ದಿಕ್ಕಾಪಾಲಾದ ಮೇಲೆ ಈ ಭಾಗದಲ್ಲಿ ಸುರಪುರದಂಥ ಸಣ್ಣ ದರ್ಬಾರುಗಳಲ್ಲಿ ಕುಂಚ ಮತ್ತೆ ಉಸಿರಾಡಿತು, ಆದರೆ ಆ ಅರೆನಿದ್ದೆ ಮರಳಿ ಬರಲಿಲ್ಲ ಎಂದು ಮಾಸ್ತರರು ಹೇಳುತ್ತಿದ್ದರು. ಅದನ್ನು ತರಬಲ್ಲವರು ಈಗ ತಾವೊಬ್ಬರೇ ಎಂಬುದು ಅವರ ನಂಬಿಕೆ. ನಂಬಿಕೆ ಸುಳ್ಳಾಗಿರಲಿಲ್ಲ, ಅದೇ ನಮ್ಮ ಗ್ರಹಚಾರ.

ಐದನೆಯ ವರ್ಷ ಮಾಸ್ತರರು ಯಾವುದೋ ಮದುವೆಗೆ ಹೋಗಿದ್ದಾಗ ನಾನೊಂದು ಮುಖ ಬರೆದು ಕಣ್ಣೂ ಬಿಡಿಸಿದೆ. ಮರುದಿನ ಎಲ್ಲರೂ ಇರುವಾಗಲೇ ಅವರ ಮುಂದಿಟ್ಟೆ. ಬಹಳ ಹೊತ್ತು ನೋಡಿದರು. ಆಮೇಲೆ ಹತ್ತಿಯನ್ನು ನೀರಿನಲ್ಲಿ ಅದ್ದಿ, ಮಗುವಿನ ಮೂಗು ಒರೆಸುವಷ್ಟು ಮೆಲ್ಲಗೆ, ಎರಡೂ ಕಣ್ಣು ಒರೆಸಿ ತೆಗೆದರು.

"ಇದು ಕಣ್ಣಲ್ಲ, ಗುಂಡಿ. ಅಂಗಿಗೆ ಹಚ್ಚಕೊ."

ಉಳಿದವರು ನಕ್ಕರು. ನಗದಿದ್ದರೆ ಅವರ ಸರದಿ ಬರುತ್ತಿತ್ತು. ನಾನು ಆ ಕಾಗದ ಮಡಚಿ ಚೀಲದಲ್ಲಿಟ್ಟುಕೊಂಡು ಮತ್ತೆ ಎಲೆಗೆ ಕೂತೆ. ಒಟ್ಟು ಒಂಬತ್ತು ವರ್ಷ ಅಲ್ಲಿ ಕೂತೆ. ಮಾಸ್ತರರು ಒಮ್ಮೆಯೂ ನನಗೆ ಕಣ್ಣು ಕೊಡಲಿಲ್ಲ.

ಆಮೇಲೆ ಹುಬ್ಬಳ್ಳಿಯ ಒಂದು ಚಿತ್ರಕಲಾ ಕಾಲೇಜಿನಲ್ಲಿ ನನಗೆ ನೌಕರಿ ಸಿಕ್ಕಿತು. ಪಠ್ಯದಲ್ಲಿ ರಾಜಸ್ಥಾನಕ್ಕೆ ಹದಿನೈದು ಪಾಠ, ನಮ್ಮ ವಿಜಯಪುರವೂ ಸೇರಿದ ದಖನಿಗೆ ಒಂದು. ಹೀಗಾಗಿ ವರ್ಷವಿಡೀ ಬೋರ್ಡಿನ ಮೇಲೆ ಮೇವಾಡದ ಮೀನುಗಣ್ಣು ಬರೆಯುವುದೇ ನನ್ನ ಉದ್ಯೋಗವಾಯಿತು. ಹುಡುಗಿಯರು ಅದನ್ನು ಬೇಗ ಕಲಿಯುತ್ತಿದ್ದರು, ಪರೀಕ್ಷೆಗೂ ಅದೇ ಬರುತ್ತಿತ್ತು.

ನೌಕರಿಯ ಮೊದಲ ವರ್ಷವೇ ಒಂದು ರವಿವಾರ ಮಾಸ್ತರರು ನಮ್ಮ ಮನೆಗೆ ಬಂದರು. ಕಂಕುಳಲ್ಲಿ ಫೈಲು. ಒಳಗೆ ವಿಜಯಪುರ ಶೈಲಿಯ ಒಂದು ಚಿತ್ರ, ಎಲ್ಲ ಮುಗಿದಿತ್ತು, ಕಣ್ಣಿನ ಜಾಗ ಖಾಲಿ.

"ನನ್ನ ಚಷ್ಮಾದ ನಂಬರ್ ಬದಲಾಗೇತಿ. ಹೊಸಾದು ಬರೂತನಕ ಇದೊಂದು ನೀ ಮುಗಿಸಿಕೊಡು."

ಅವರು ಚಹದ ಕಪ್ಪು ಎತ್ತಲಿಲ್ಲ. ಆರಿ ತಣ್ಣಗಾದರೂ ಎತ್ತಲಿಲ್ಲ. ಹೊರಡುವಾಗ ಚಪ್ಪಲಿಯ ಬೆಲ್ಟಿಗೆ ಕೈ ಹಾಕಿದರು, ಆಗ ಕಂಡಿತು: ಬಲಗೈ ನಡುಗುತ್ತಿತ್ತು. ನಾನು ಕಂಡೆನೆಂದು ಅವರಿಗೂ ಗೊತ್ತಾಯಿತು. ಇಬ್ಬರೂ ಚಷ್ಮಾದ ಮಾತನ್ನೇ ಮುಂದುವರಿಸಿದೆವು.

ಆ ಹೊಸ ಚಷ್ಮಾ ನಾಲ್ಕು ವರ್ಷವಾದರೂ ಬರಲಿಲ್ಲ. ಫೈಲು ಬರುತ್ತಿತ್ತು, ನಾನು ಕಣ್ಣು ಬಿಡಿಸುತ್ತಿದ್ದೆ, ಕೆಳಗೆ ಅವರು ತಮ್ಮ ಸಹಿಯ ಮೊಹರು ಒತ್ತುತ್ತಿದ್ದರು. ಮೊದಲ ದಿನ ಖುಷಿಯಿಂದ ಅತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಅವರು ಚಿತ್ರ ನೋಡಿ ಫೈಲಿಗೆ ಸೇರಿಸಿಕೊಂಡರು. ಒಂದು ಪ್ರದರ್ಶನದಲ್ಲಿ ಹಿರಿಯರೊಬ್ಬರು ನನ್ನೆದುರಿಗೇ ಅವರ ಕೈ ಹಿಡಿದು, "ಈ ವಯಸ್ಸಿನ್ಯಾಗ ಇಂಥಾ ಕಣ್ಣು ಹೆಂಗ ಬರೀತೀರಿ?" ಎಂದು ಕೇಳಿದರು. ಮಾಸ್ತರರು ಕೈ ಮೆಲ್ಲಗೆ ಬಿಡಿಸಿಕೊಂಡು ಬೆನ್ನ ಹಿಂದೆ ಕಟ್ಟಿ, "ದೇವರ ದಯಾ ರೀ" ಎಂದರು. ದೇವರು ಎರಡು ಮಾರು ದೂರದಲ್ಲಿ ಅವರ ಚೀಲ ಹಿಡಿದು ನಿಂತಿದ್ದಳು. ದುಡಿಯುವವರು ಒಬ್ಬರು, ಮೆರೆಯುವವರು ಇನ್ನೊಬ್ಬರು ಎಂಬುದು ಹಳೆಯ ಮಾತು. ಆ ದಿನ ಹತ್ತಿದ ಸಿಟ್ಟು ಆಮೇಲೆ ಆರಲಿಲ್ಲ.

ಹೋದ ವರ್ಷ ನಮ್ಮ ಕಾಲೇಜಿನಲ್ಲಿ ಕಮ್ಮಟ ಇಟ್ಟುಕೊಂಡರು. ಮಾಸ್ತರರು ಎಲ್ಲರ ಮುಂದೆ ಕಣ್ಣು ಬಿಡಿಸಿ ತೋರಿಸಬೇಕೆಂದು ಪ್ರಾಂಶುಪಾಲರ ಆಸೆ. ಒಲ್ಲೆ ಎಂದರೆ ಅನುಮಾನ ಬರುತ್ತದೆ, ಹೂಂ ಎಂದರೆ ಕೈ ಕೇಳುವುದಿಲ್ಲ. ಮಾಸ್ತರರು ನನಗೆ ಫೋನು ಮಾಡಿದರು.

"ಚಿತ್ರ ನಿನ್ನ ಕಡೆ ಕಳಸ್ತೇನಿ. ಕಣ್ಣು ನೀ ಮೊದಲ ಬಿಡಿಸಿ, ಮ್ಯಾಲೆ ತೆಳ್ಳನ ಕಾಗದ ಹಚ್ಚಿಡು. ಕಣ್ಣ ಸೂರ್ಯೋದಯಕ್ಕ ಬಿಡಿಸೂದು, ಮಂದಿ ಮುಂದ ಅಲ್ಲ ಅಂತ ನಾ ಅಲ್ಲೆ ಹೇಳ್ತೇನಿ. ಕೊರಳಾಗಿನ ಮುತ್ತು ಅಷ್ಟ ಇಡ್ತೇನಿ. ಮೇಜಿಗೆ ಮುಂಗೈ ಊರಿ ಚುಕ್ಕಿ ಇಡೂದು, ನಡೀತೈತಿ."

ನಾಲ್ಕು ವರ್ಷದಲ್ಲಿ ಮೊದಲ ಸಲ ಅವರು ಕೈಯ ಮಾತು ಆಡಿದ್ದರು. ಅದೂ ಅರ್ಧವೇ. ಫೋನು ಇಡುವ ಮುಂಚೆ ಹೇಳಿದರು: "ನನ್ನ ಮರ್ಯಾದಿ ನಿನ್ನ ಕೈಯಾಗೈತಿ."

"ಹೂಂ ರೀ ಮಾಸ್ತರ" ಎಂದೆ.

ಚಿತ್ರ ಬಂತು. ನೇರಳೆ ಗುಡ್ಡ, ಬಂಗಾರದ ಆಕಾಶ, ಮರದ ಕೆಳಗೆ ಹೂವು ಮೂಸುತ್ತ ನಿಂತ ಎತ್ತರದ ಹೆಂಗಸು. ಮೂರು ದಿನ ನನ್ನ ಮೇಜಿನ ಮೇಲಿತ್ತು. ಕುಂಚ ಒದ್ದೆ ಮಾಡುವುದು, ಒಣಗಲು ಬಿಡುವುದು, ಇಷ್ಟೇ ಮಾಡಿದೆ. ಮೂರನೆಯ ದಿನ ಕಣ್ಣಿಲ್ಲದ ಮುಖದ ಮೇಲೆಯೇ ತೆಳ್ಳನೆಯ ಕಾಗದ ಹಚ್ಚಿದೆ. ಮರೆತೆ, ಪುರುಸೊತ್ತಾಗಲಿಲ್ಲ ಎಂದು ಆಮೇಲೆ ಕೆಲವರಿಗೆ ಹೇಳಿದ್ದೇನೆ. ಮರೆತಿರಲಿಲ್ಲ. ಅವರು ಎಲ್ಲರ ಮುಂದೆ ಸೋಲುವುದನ್ನು ನಾನು ನೋಡಬೇಕಿತ್ತು. ಗುರುವಿಗೇ ತಿರುಮಂತ್ರ ಅನ್ನುತ್ತಾರಲ್ಲ, ಅದನ್ನು ನಾನು ಬಾಯಿ ತೆರೆಯದೆ ಹಾಕಿದೆ.

ಸಭಾಂಗಣ ತುಂಬಿತ್ತು. ಮೇಜಿನ ಮೇಲೆ ಕ್ಯಾಮೆರಾ ತೂಗುಹಾಕಿ, ಅಂಗೈಯಗಲದ ಚಿತ್ರ ಹಿಂದಿನ ಗೋಡೆಯ ಪರದೆಯಲ್ಲಿ ಆಳೆತ್ತರ ಕಾಣುವಂತೆ ಮಾಡಿದ್ದರು. ಆ ಏರ್ಪಾಡೂ ನನ್ನದೇ. ಮಾಸ್ತರರು ಇಸ್ತ್ರಿ ಮಾಡಿದ ಬಿಳಿ ಜುಬ್ಬಾ ತೊಟ್ಟು ಬಂದಿದ್ದರು. ಅವರ ಹೆಂಡತಿ, ನಾವೆಲ್ಲ ಕಾಕು ಎನ್ನುತ್ತಿದ್ದವರು, ಮೊದಲ ಸಾಲಿನಲ್ಲಿ ಕೂತಿದ್ದರು. ದಖನಿ ಶೈಲಿಯ ಬಗ್ಗೆ ಮಾಸ್ತರರು ಬಹಳ ಚಂದ ಮಾತಾಡಿದರು. ಆಮೇಲೆ ಕಾಗದ ಎತ್ತಿದರು.

ಪರದೆಯ ಮೇಲೆ ಕಣ್ಣಿಲ್ಲದ ಹೆಂಗಸು ಬಂದು ನಿಂತಳು. ಮಾಸ್ತರರು ನನ್ನ ಕಡೆ ನೋಡಿದರು. ನಾನು ಮೈಕು ತೆಗೆದುಕೊಂಡು ಹೇಳಿದೆ: "ನಮ್ಮ ಪದ್ಧತಿ ಪ್ರಕಾರ ಕಣ್ಣು ಗುರುಗಳ ಕೈಯಿಂದನ ಆಗಬೇಕು. ಅದನ್ನ ನೋಡೂ ಭಾಗ್ಯ ಇವತ್ತ ನಿಮಗ ಸಿಕ್ಕೇತಿ." ಹುಡುಗಿಯರು ಮೊಬೈಲು ಎತ್ತಿ ಹಿಡಿದರು. ಯಾರೋ ತಾವಾಗಿಯೇ ಫ್ಯಾನ್ ಆರಿಸಿದರು.

ಸೂರ್ಯೋದಯದ ಮಾತು ಅವರು ಆಡಲೇ ಇಲ್ಲ. ಕುಂಚ ತೆಗೆದುಕೊಂಡರು. ಎಡಗೈಯಿಂದ ಬಲ ಮಣಿಕಟ್ಟನ್ನು ಒತ್ತಿ ಹಿಡಿದರು. ಪರದೆಯ ಮೇಲೆ ಕುಂಚದ ತುದಿ ಒಂದು ಗೇಣು ಆಚೆ, ಒಂದು ಗೇಣು ಈಚೆ ಓಡಾಡುತ್ತಿತ್ತು. ಮೊದಲ ಗೆರೆ ರೆಪ್ಪೆಯಲ್ಲಿ ಶುರುವಾಗಿ ಕೆನ್ನೆಗೆ ಇಳಿಯಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕಾಕು ತಲೆ ತಗ್ಗಿಸಿದರು. ನಾನು ತಗ್ಗಿಸಲಿಲ್ಲ. ನೋಡಿದೆ, ಕಣ್ತುಂಬ ನೋಡಿದೆ, ಸಮಾಧಾನವಾಗಿ ನೋಡಿದೆ.

ಮಾಸ್ತರರು ಕುಂಚ ಕೆಳಗಿಟ್ಟು ಮೈಕಿಗೆ ಬಾಗಿದರು. ದನಿ ನಡುಗುತ್ತಿರಲಿಲ್ಲ.

"ನೋಡಿದಿರಲ್ಲರೀ. ನಾಕು ವರ್ಷದಿಂದ ಈ ಕೈ ಹಿಂಗ ಐತಿ. ಅಲ್ಲಿಂದ ಇಲ್ಲೀತನಕ ನನ್ನ ಚಿತ್ರದಾಗಿನ ಕಣ್ಣೆಲ್ಲಾ ಈಕಿ ಬಿಡಿಸ್ಯಾಳ. ಮೊಹರು ನಂದು, ಕಣ್ಣು ಈಕೀದು. ಬಾ, ನೀನ ಮುಗಿಸು."

ಸಭೆ ಗುಜುಗುಜು ಎಂದಿತು. ಕೆನ್ನೆಗಿಳಿದ ಗೆರೆಯನ್ನು ಅವರೇ ಹತ್ತಿಯಿಂದ ತೆಗೆದು ಕುರ್ಚಿ ಬಿಟ್ಟು ಎದ್ದರು. ನಾನು ಕೂತೆ. ಹದಿಮೂರು ವರ್ಷ ಕಾದದ್ದು ಹೀಗೆ ಸಿಕ್ಕಿತ್ತು, ಬಾಯಿಯೆಲ್ಲ ಕಹಿ. ಎದುರಿಗೆ ನನ್ನ ವಿದ್ಯಾರ್ಥಿನಿಯರು, ನನ್ನ ಕಾಲೇಜು, ನನ್ನ ಮೇಜು. ಬೇಗ ಮುಗಿದರೆ ಸಾಕಾಗಿತ್ತು. ಕೈ ಒಂದಿಷ್ಟೂ ಅಳುಕಲಿಲ್ಲ. ಒಂದು ಗೆರೆ, ಇನ್ನೊಂದು ಗೆರೆ, ನಡುವೆ ಕಪ್ಪು ಪಾಪೆ. ಚಪ್ಪಾಳೆ ಬಿತ್ತು.

ತಲೆ ಎತ್ತಿ ಪರದೆ ನೋಡಿದೆ. ವಿಜಯಪುರದ ನೇರಳೆ ಗುಡ್ಡದ ಮುಂದೆ, ಅರೆನಿದ್ದೆಯಲ್ಲಿ ಹೂವು ಮೂಸಬೇಕಾದ ಹೆಂಗಸು ಮೇವಾಡದ ಮೀನುಗಣ್ಣು ಪಿಳಿಪಿಳಿ ಬಿಟ್ಟು ನಿಂತಿದ್ದಳು. ಬೋರ್ಡಿನ ಮೇಲೆ ದಿನಾ ಬರೆಯುವ ಕಣ್ಣು ಕೈಗೆ ತಾನಾಗಿ ಬಂದುಬಿಟ್ಟಿತ್ತು. ಯಾವ ಊರಿಗೆ ಯಾವ ಕಣ್ಣು ಎಂಬುದು ಮೊದಲ ವಾರ ಕಲಿಯಬೇಕಾದ ಪಾಠ. ಸಭಾಂಗಣದಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ಎಲೆಯ ನರ ಒಂದು ಕೂದಲೆಳೆ ಓರೆಯಾದರೆ ಇಡೀ ಗಿಡ ಒರೆಸಿ ತೆಗೆಯುತ್ತಿದ್ದ ಮಾಸ್ತರರು ಆ ಕಣ್ಣನ್ನು ನೋಡಿದರು. ಪೂರ್ತಿ ನೋಡಿದರು. ಆಮೇಲೆ ಉಳಿದವರ ಜೊತೆ ತಾವೂ ಚಪ್ಪಾಳೆ ತಟ್ಟಿದರು.

ಮರುದಿನ ಆ ಚಿತ್ರವನ್ನು ಕಾಲೇಜಿನಲ್ಲಿ ಕೇಳಿ ತೆಗೆದುಕೊಂಡು ಸಪ್ತಾಪುರಕ್ಕೆ ಹೋದೆ. ಬೈಯಲಿ, ಮುಖಕ್ಕೆ ಮಂಗಳಾರತಿ ಎತ್ತಲಿ, ಮೋಸ ಮಾಡಿದಿ ಎನ್ನಲಿ ಎಂದೇ ಹೋದೆ. ಕಾಕು ಬಾಗಿಲು ತೆರೆದು ಒಳಗೆ ಸರಿದರು. ಮಾಸ್ತರರು ಕುರ್ಚಿಯಿಂದ ಎದ್ದು ನಿಂತರು.

"ಬರ್ರಿ ಮೇಡಂ. ಕೂಡ್ರಿ."

ಒಂಬತ್ತು ವರ್ಷ ಆ ಮನೆಯಲ್ಲಿ ನಾನು ಕೂತದ್ದು ಚಾಪೆಯ ಮೇಲೆ. ಈಗ ನನಗೆ ಕುರ್ಚಿ, ಬಸಿಯ ಮೇಲೆ ಕಪ್ಪಿಟ್ಟು ಚಹ, ತಟ್ಟೆಯಲ್ಲಿ ಚಕ್ಕುಲಿ. ನಾನು ಚಿತ್ರ ಬಿಚ್ಚಿ ಅವರ ಮುಂದಿಟ್ಟೆ.

"ಮಾಸ್ತರ, ನೀವು ಹೇಳಿದಂಗ ಮಾಡಲಿಲ್ಲ ನಾ. ಬೇಕಂತನ ಬಿಟ್ಟೆ. ಮ್ಯಾಲೆ ಕಣ್ಣೂ ತಪ್ಪಾತರೀ. ಮೇವಾಡದ್ದು ಬಿದ್ದೈತಿ. ಇದನ್ನ ಒರಸ್ರಿ, ನಿಮ್ಮ ಮುಂದ ಕೂತು ಮತ್ತ ಬರೀತೇನಿ."

"ಹೌದೇನ್ರಿ? ನನಗೇನ ತಪ್ಪು ಕಾಣಲಿಲ್ಲ. ಛಲೋ ಆಗೇತಿ ಬಿಡ್ರಿ."

"ಮಾಸ್ತರ, ನಿಮಗ ಗೊತ್ತೈತಿ."

"ನೀವು ಕಾಲೇಜಿನವ್ರು. ನಿಮ್ಮ ಕೆಲಸದಾಗ ನಾ ಕೈ ಹಾಕಬಾರದ್ರಿ."

ವ್ಯಂಗ್ಯದ ಒಂದು ಎಳೆ ಇದ್ದರೂ ಹಿಡಿದು ಜಗಳ ತೆಗೆಯಬಹುದಿತ್ತು. ಇರಲಿಲ್ಲ. ಬೀಗರೊಡನೆ ಮಾತಾಡುವ ಹಾಗೆ ಮಾತಾಡುತ್ತಿದ್ದರು. ಹಿಂದೆ ಅವರು ಆಡಿದ ಒಂದೊಂದು ಕೆಟ್ಟ ಮಾತೂ ನಾನು ಅವರ ಶಿಷ್ಯೆ ಎಂಬುದಕ್ಕೆ ರುಜು ಎಂದು ಆಗ ಹೊಳೆಯಿತು. ನನಗೆ ಅಳು ಬಂತು, ಅವರ ಮುಂದೆ ಅಳುವ ಸಲಿಗೆಯೂ ಉಳಿದಿರಲಿಲ್ಲ.

ಚಿತ್ರವನ್ನು ಅವರೇ ಕಾಗದದಲ್ಲಿ ಸುತ್ತಿದರು. ದಾರ ಕಟ್ಟಲು ಬಹಳ ಹೊತ್ತು ಹಿಡಿಯಿತು, ಎರಡು ಸಲ ಕೈಜಾರಿ ಬಿತ್ತು. ನಾನು ಕೈ ಚಾಚಿದೆ, "ಬ್ಯಾಡ್ರಿ, ನೀವು ಕೂಡ್ರಿ" ಎಂದರು. ಆಮೇಲೆ ಚಪ್ಪಲಿ ಮೆಟ್ಟಿ ಗೇಟಿನತನಕ ಬಂದರು, ಆಟೋ ಸಿಗುವವರೆಗೂ ಜೊತೆಗೇ ನಿಂತರು. ಆಟೋ ಹೊರಟಾಗ ಎರಡೂ ಕೈ ಜೋಡಿಸಿದರು. ಜೋಡಿಸಿದ ಕೈಗಳು ನಡುಗುತ್ತಿದ್ದವು, ಅದನ್ನು ನನ್ನಿಂದ ಮುಚ್ಚಿಡಬೇಕೆಂದು ಅವರಿಗೆ ಅನ್ನಿಸಲೇ ಇಲ್ಲ.