ಡೇರೆ ಹಿಡಿದು ನಿಲ್ಲಿಸಿದ ಉಸುಕಿನ ಚೀಲ

ನಾನು ಹೊಡೆದ ಗೂಟ ನನ್ನ ಕಣ್ಣೆದುರಿಗೇ ಉಸುಕಿನೊಳಗಿಂದ ಎದ್ದು ಬಂತು. ಡೇರೆಯ ಒಂದು ಮೂಲೆ ಗಾಳಿಗೆ ಹಾರತೊಡಗಿತು. ಒಳಗೆ ಆರು ತಿಂಗಳ ಮೊಮ್ಮಗ ಮಲಗಿದ್ದ. ಕನ್ನಡನಾಡು ಒಂದಾದ ವರ್ಷದ ಚಳಿಗಾಲ ಅದು. ಸರ್ವೇ ಕೆಲಸದ ಅಳಿಯನ ಕೂಡ ಬಿಕಾನೇರದ ಮರುಭೂಮಿಯಲ್ಲಿ ಮೊದಲ ಸಲ ಡೇರೆ ಹಾಕಿದ್ದೆವು. ನಮ್ಮ ಗದಗಿನ ಕರಿ ಎರಿಮಣ್ಣಿನ ಹೊಲದಾಗ ಹೊಡೆದ ಗೂಟ ಎತ್ತು ಜಗ್ಗಿದರೂ ಬರಂಗಿಲ್ಲ. ಅದೇ ಧೈರ್ಯದ ಮೇಲೆ, ಅಳಿಯ ಬ್ಯಾಡ ಅಂದರೂ ಕೇಳದೆ, ಗೂಟವನ್ನೆಲ್ಲ ನಾನೇ ಹೊಡೆದಿದ್ದೆ.

ಅಳಿಯ ಹಗ್ಗಕ್ಕೆ ಜೋತುಬಿದ್ದ. ಎಂಟು ವರ್ಷದ ಮೊಮ್ಮಗಳು ಗಂಗಿ ಮಾತ್ರ ಜೋಳದ ಚೀಲ ಬರಿದು ಮಾಡಿ ಉಸುಕು ತುಂಬಾಕ ಹತ್ತಿದ್ದಳು.

"ಅಜ್ಜಾ, ಗೂಟಾ ಬಿಡು! ಮಗ್ಗಕ್ಕ ಕಟ್ಟತೀಯಲ್ಲ, ಹಂಗ ಇದನ್ನ ಕಟ್ಟು!"

ನಾನು ಬೆಟಗೇರಿಯ ನೇಕಾರ. ಹಾಸಿನ ಉದ್ದ ನೂಲು ಬಿಗಿ ಇರಲಿ ಅಂತ ಮಗ್ಗಕ್ಕೆ ಉಸುಕಿನ ಚೀಲ ತೂಗಹಾಕುತ್ತಾ ಮುದುಕನಾದವನು. ನನಗ ಹೊಳೀಲಿಲ್ಲ, ಆಕೀಗೆ ಹೊಳೀತು! ಹಗ್ಗಕ್ಕೆ ಚೀಲ ಕಟ್ಟಿ ಉಸುಕಿನಲ್ಲೇ ಹೂತೆವು. ಉಳಿದ ಹಗ್ಗಗಳಿಗೂ ಹಾಗೇ ಮಾಡಿದೆವು. ಗಾಳಿ ಬೀಸೇ ಬೀಸಿತು, ಡೇರೆ ಅಲುಗಲಿಲ್ಲ. ಖರೆ ಹೇಳತೀನಿ, ಕೂಸಿಗೆ ಎಚ್ಚರ ಸಹಿತ ಆಗಲಿಲ್ಲ.

"ಇನ್ನ ಗೂಟಾ ಹೊಡೀತೀಯೇನ್ ಅಜ್ಜಾ?" ಗಂಗಿ ಸೊಂಟದ ಮೇಲೆ ಕೈ ಇಟ್ಟು ಕೇಳಿದಳು.

"ಇಲ್ಲ ನಮ್ಮವ್ವಾ" ಅಂದೆ.

ಮೊದಲಿನ ಆ ಚೀಲವನ್ನು ಉಸುಕಿನ ಸಮೇತ ರೈಲಿನಲ್ಲಿ ಊರಿಗೆ ಹೊತ್ತು ತಂದೆ. ನಮ್ಮೂರಾಗ ಉಸುಕಿಲ್ಲೇನು ಅಂತ ಓಣಿಯವರು ನಕ್ಕರು. ನಗಲಿ. ಈಗ ಅದು ನನ್ನ ಮಗ್ಗಕ್ಕೆ ತೂಗಿದೆ. ಗಂಗಿಗೆ ಅಂತ ನೇಯುತ್ತಿರುವ ಸಣ್ಣ ಸೀರೆಯ ಹಾಸು ಅದರ ಭಾರಕ್ಕೇ ಬಿಗಿದು ನಿಂತಿದೆ.